ನೆಗೆಟಿವ್ ತಂತಿ ಮುಟ್ಟದ ಮಹನೀಯರು

ಮೇ ತಿಂಗಳು ಬಂತೆಂದರೆ ಅಜ್ಮೇರ್–ಮೈಸೂರು ಎಕ್ಸ್‌ಪ್ರೆಸ್ ಅಹಮದಾಬಾದ್, ವಡೋದರಾ, ಸೂರತ್‌ಗಳ ಕನ್ನಡಿಗರನ್ನು ಹತ್ತಿಸಿಕೊಂಡು ಹುಬ್ಬಳ್ಳಿಯತ್ತ ಹೊರಡುತ್ತದೆ. ಗ್ಯಾಸ್ ಬಂದ್, ನಲ್ಲಿ ಬಂದ್, ತುಳಸಿಗೆ ನೀರುಣಿಸಲು ಪಕ್ಕದ ಮನೆಯ ಬೆನ್ ಒಪ್ಪಿದ್ದಾರೆ. ಕಾರಿಗೆ ಬೆಳ್ಳಿಬಣ್ಣದ ಹೊದಿಕೆ. ಒಳಗಿನ ಬ್ಯಾಟರಿಗೆ ಮಾತ್ರ ಸಂಪೂರ್ಣ ಸ್ವಾತಂತ್ರ್ಯ. ಈ ಔದಾರ್ಯವನ್ನು ಯಾವ ಸಂಘವೂ ಸನ್ಮಾನಿಸಿಲ್ಲವೆಂಬುದು ನನ್ನ ಕೊರಗು.

ಹೊರಡುವ ಮುಂಚೆ ಪೂರ್ತಿ ಚಾರ್ಜ್ ಮಾಡಿ, 10 ಎಂಎಂ ಸ್ಪ್ಯಾನರ್ ಹಿಡಿದು ನೆಗೆಟಿವ್ ತಂತಿ ಬಿಚ್ಚಿಟ್ಟರಾಯಿತು. ಅಂಥ ಸಣ್ಣತನಕ್ಕೆ ನಮ್ಮವರು ಇಳಿಯುವುದಿಲ್ಲ. ಯಜಮಾನ ಊರಲ್ಲಿಲ್ಲವೆಂದು ಗಡಿಯಾರ, ಅಲಾರಂಗಳು ಉಪವಾಸ ಬೀಳಬೇಕೆ? ಅವು ಉಣ್ಣುವುದು 50 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ 35 ಆಂಪಿಯರ್-ಅವರ್ ಬ್ಯಾಟರಿ 29 ದಿನದಲ್ಲಿ ಖಾಲಿ. ಬಿಸಿಲೂ ಕೈಜೋಡಿಸುತ್ತದೆ. ಅಹಮದಾಬಾದ್ 2016ರ ಮೇ 20ರಂದು 48 ಡಿಗ್ರಿ ಮುಟ್ಟಿದ ಊರು. ಪ್ರತಿ 10 ಡಿಗ್ರಿ ಏರಿಕೆಗೆ ಸೀಸದ ಬ್ಯಾಟರಿ ತಾನಾಗಿ ಸೊರಗುವ ವೇಗ ಹೆಚ್ಚುಕಡಿಮೆ ಇಮ್ಮಡಿ.

ಮುಂದಾಲೋಚನೆಯವರೂ ಇದ್ದಾರೆ. ಅವರು ಕೀಲಿಯನ್ನು ವಾಚ್‌ಮನ್ ಕಾಕಾಗೆ ಒಪ್ಪಿಸಿ ವಾರಕ್ಕೊಮ್ಮೆ ಚಾಲೂ ಮಾಡಲು ಹೇಳಿ ಹೋಗುತ್ತಾರೆ. ಕಾಕಾ ನಿಷ್ಠಾವಂತ. ಭಾನುವಾರ ಸ್ಟಾರ್ಟ್ ಮಾಡಿ, ಎಸಿ ಹಾಕಿಕೊಂಡು ಒಂದು ಹಾಡು ಕೇಳಿ, ಆಫ್ ಮಾಡುತ್ತಾನೆ. ಸ್ಟಾರ್ಟರ್ ಎಳೆದುಕೊಂಡದ್ದು ಅಷ್ಟರಲ್ಲಿ ಮರಳಿ ತುಂಬುವುದಿಲ್ಲ. ಹೀಗೆ ಬ್ಯಾಟರಿಗೆ ಕಂತಿನಲ್ಲಿ ಸಾಯುವ ಸೌಲಭ್ಯ ಒದಗಿದೆ.

ಅದೇನಿದ್ದರೂ ಆಣಂದ್ ಸುತ್ತಲಿನ ಚರೋತರದ ವಿದೇಶವಾಸಿಗಳ ಮುಂದೆ ನಾವು ಮರಿಗಳು. ಉತ್ತರಾಯಣದ ಗಾಳಿಪಟ ಮುಗಿಸಿ ಬೀಗ ಹಾಕಿದ ಅವರ ಕಾರು ಬಾಯಿ ಬಿಡುವುದು ಮುಂದಿನ ಉತ್ತರಾಯಣಕ್ಕೆ.

ವೋಲ್ಟ್ 12.4ಕ್ಕಿಂತ ಇಳಿದು ಹಾಗೇ ಕೂತರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಆಮೇಲೆ ಚಾರ್ಜ್ ಹತ್ತುವುದಿಲ್ಲ. ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲಿ ಮತ್ತೆ ಮತ್ತೆ ತುಂಬಬಹುದಾದ ಸೀಸದ ಬ್ಯಾಟರಿ ಮಾಡಿದ. ಅದನ್ನು ಒಂದೇ ಸಲ ಬಳಸುವ ವಸ್ತುವಾಗಿ ಸುಧಾರಿಸಿದ ಕೀರ್ತಿ ನಮ್ಮದು.

13.5 ವೋಲ್ಟ್ ಆಸುಪಾಸಿನಲ್ಲಿ ತಾನೇ ಕಾವಲಿರುವ ಚಾರ್ಜರ್ ಮಾರುಕಟ್ಟೆಯಲ್ಲಿದೆ ನಿಜ. ಆದರೆ ಬೇಸ್‌ಮೆಂಟಿನ ಪ್ಲಗ್ಗಿಗೆ ಸೊಸೈಟಿ ಸೆಕ್ರೆಟರಿ ಅನುಮತಿ ಬೇಕು, ಅದಕ್ಕೆ ಸಭೆ ಸೇರಬೇಕು, ಸಭೆಯ ಸದಸ್ಯರೆಲ್ಲ ರಜೆಯ ಮೇಲೆ ಊರಿಗೆ ಹೋಗಿದ್ದಾರೆ.

ಜೂನ್‌ನಲ್ಲಿ ಮರಳಿದಾಗ ಬ್ಯಾಟರಿ ಅಂಗಡಿಯವನ ಆದರ ನೋಡಬೇಕು. ಹಳೆಯದಕ್ಕೆ ಸೀಸದ ತೂಕದ ಮೇಲೆ ಬೆಲೆ ಕಟ್ಟಿ, ಹೊಸದರ ವಾರಂಟಿ ಕಾರ್ಡಿಗೆ ಮುದ್ರೆ ಒತ್ತುತ್ತಾ, ದೀಪಾವಳಿಯ ಟಿಕೆಟ್ ಆಯಿತೇ ಎಂದು ವಿಚಾರಿಸುತ್ತಾನೆ.