ಸೋಲನ್ನೇ ಕಾಣದ ಮಾತ್ರೆಗಳ ಒಡೆಯರಿಗೆ ಬಿನ್ನವತ್ತಳೆ

ಜಗತ್ತಿನ ಸಮಸ್ತ ಔಷಧ ಕಂಪನಿಗಳ ಸಂಶೋಧನಾ ಮುಖ್ಯಸ್ಥರ ಸನ್ನಿಧಾನಕ್ಕೆ,

ದಿನಕ್ಕೆ ಮೂರು ಹೊತ್ತು ಮಾತ್ರೆ ನುಂಗುವವರೆಲ್ಲರ ಪರವಾಗಿ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಬಿಪಿ, ಶುಗರ್ ಸಮೇತ ಕ್ಷೇಮ. ಅತ್ತ ತಮ್ಮ ಲಾಭಾಂಶದ ಆರೋಗ್ಯವೂ ಚೆನ್ನಾಗಿರಲೆಂದು ಹಾರೈಸುತ್ತೇವೆ.

ಸಂಶೋಧನೆಗೆ ವಿಷಯ ಆರಿಸುವ ತಮ್ಮ ಜಾಣ್ಮೆಯನ್ನು ಮೊದಲು ಕೊಂಡಾಡಬೇಕು. ಆಫ್ರಿಕದ ನಿದ್ರಾರೋಗ ಮಿದುಳಿಗೇರಿದರೆ ಕೊಡುತ್ತಿದ್ದುದು ಆರ್ಸೆನಿಕ್ ಬೆರೆತ ಮೆಲಾರ್ಸೊಪ್ರಾಲ್. ಅದನ್ನು ಚುಚ್ಚಿಸಿಕೊಂಡ ನೂರರಲ್ಲಿ ಸುಮಾರು ಐವರನ್ನು ಮದ್ದೇ ಮುಗಿಸುತ್ತಿತ್ತು. ಆಮೇಲೆ ಎಫ್ಲೋರ್ನಿಥಿನ್ ಬಂತು. ಪ್ರಜ್ಞೆ ತಪ್ಪಿದವರೂ ಎದ್ದು ಕೂತದ್ದು ಕಂಡು ಜನ ಅದನ್ನು ಸತ್ತವರನ್ನೆಬ್ಬಿಸುವ ಮದ್ದು ಎಂದರು. ಆದರೆ ಎದ್ದು ಕೂತವರ ಕಿಸೆ ಖಾಲಿ! 1990ರ ದಶಕದ ನಡುವೆ ತಯಾರಿಕೆ ನಿಂತೇಹೋಯಿತು. ಅಷ್ಟರಲ್ಲಿ ಅದೇ ರಾಸಾಯನಿಕ ಹೆಂಗಸರ ಮುಖದ ಮೇಲೆ ಕೂದಲು ಬೆಳೆಯದಂತೆಯೂ ತಡೆಯುತ್ತದೆಂದು ಗೊತ್ತಾಯಿತು. 2000ದಲ್ಲಿ ಅಮೆರಿಕದಲ್ಲಿ ಅದರ ಕ್ರೀಮಿಗೆ ಒಪ್ಪಿಗೆ ಸಿಕ್ಕಿತು. ಹಣ ಕಂಡರೆ ಹೆಣವೂ ಬಾಯಿಬಿಡುತ್ತದಂತೆ; ಇದು ಬರೀ ಮದ್ದು. ಎಂಎಸ್‌ಎಫ್ ಎಂಬ ಗಡಿಯಿಲ್ಲದ ವೈದ್ಯರ ಸಂಘದ ಒತ್ತಾಯ ಜೋರಾದ ಮೇಲೆ, 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೊಡನೆ ಒಪ್ಪಂದವಾಗಿ ಚುಚ್ಚುಮದ್ದಿನ ತಯಾರಿಕೆ ಮತ್ತೆ ಶುರುವಾಯಿತು. ಆಫ್ರಿಕದ ಬಡವರು ಸಿರಿವಂತ ನಾಡಿನ ಮೀಸೆಯ ಋಣ ಯಾವ ಜನ್ಮದಲ್ಲಿ ತೀರಿಸುತ್ತಾರೋ!

ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ನಮ್ಮ ಮಂಗನ ಕಾಯಿಲೆಗೆ ಇವತ್ತಿಗೂ ಅದಕ್ಕೆಂದೇ ಮದ್ದಿಲ್ಲ. ತಪ್ಪು ತಮ್ಮದಲ್ಲ, ಅದನ್ನು ಹರಡುವ ಉಣುಗಿನದು. ಅದು ದರಗು ಗುಡಿಸಲು, ದನ ಕಾಯಲು ಹೋದವರನ್ನು ಕಚ್ಚುತ್ತದೆಯೇ ಹೊರತು ಷೇರುದಾರರನ್ನಲ್ಲ.

ಇನ್ನು ತಮ್ಮ ನಿಷ್ಪಕ್ಷಪಾತದ ಮಾತು. ಸ್ಕಿಜೋಫ್ರೇನಿಯಾದ ಮಾತ್ರೆಗಳನ್ನು ಒಂದಕ್ಕೊಂದು ಎದುರು ನಿಲ್ಲಿಸಿ ಕಂಪನಿಗಳೇ ದುಡ್ಡು ಹಾಕಿ ನಡೆಸಿದ ಪ್ರಯೋಗಗಳನ್ನು ಮ್ಯೂನಿಕ್‌ನ ಸಂಶೋಧಕರು 2006ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಓಲಾಂಜಪಿನ್ ರಿಸ್ಪೆರಿಡೋನನ್ನು ಸೋಲಿಸಿತ್ತು. ರಿಸ್ಪೆರಿಡೋನ್ ಕ್ವೆಟಿಯಾಪಿನನ್ನು ಸೋಲಿಸಿತ್ತು. ಕ್ವೆಟಿಯಾಪಿನ್ ಮರಳಿ ಓಲಾಂಜಪಿನನ್ನೇ ಸೋಲಿಸಿತ್ತು. ನೂರಕ್ಕೆ 90ರಲ್ಲಿ ಗೆದ್ದದ್ದು ದುಡ್ಡು ಹಾಕಿದವರ ಮಾತ್ರೆ. ಇದಕ್ಕೆ ಸುಳ್ಳು ಬರೆಯುವ ಪಾಪವನ್ನೂ ಕಟ್ಟಿಕೊಳ್ಳಬೇಕಾಗಿಲ್ಲ. ಎದುರಾಳಿ ಮದ್ದನ್ನು ಕಡಿಮೆ ಕೊಟ್ಟರೆ ಅದು ನಾಟುವುದಿಲ್ಲ, ಹೆಚ್ಚು ಕೊಟ್ಟರೆ ಅಡ್ಡಪರಿಣಾಮ ಎದ್ದು ಕಾಣುತ್ತದೆ. ವರನ ಕಡೆಯವರೇ ಎರಡೂ ಜಾತಕ ಬರೆದು, ತಾವೇ ಕೂಡಿಸಿ ನೋಡಿದರೆ ಮೂವತ್ತಾರಕ್ಕೆ ಮೂವತ್ತಾರು ಗುಣವೂ ಬರದೆ ಇನ್ನೇನು?

ಇಷ್ಟಾಗಿಯೂ ಕೆಲವು ಹಟಮಾರಿ ಪ್ರಯೋಗಗಳು ಸೋಲುತ್ತವೆ. ಅವಕ್ಕೆಂದೇ ಕಪಾಟು ಇದೆ. ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಬಳಿ ದಾಖಲಾಗಿದ್ದ ಖಿನ್ನತೆಯ ಮಾತ್ರೆಗಳ 74 ಪ್ರಯೋಗಗಳ ಲೆಕ್ಕ 2008ರಲ್ಲಿ ಹೊರಬಂತು. ಎಫ್‌ಡಿಎ ಕಣ್ಣಲ್ಲಿ ಗೆದ್ದವು 38. ಅವುಗಳಲ್ಲಿ 37 ಅಚ್ಚಾಗಿದ್ದವು. ಉಳಿದ 36ರಲ್ಲಿ 22 ಬೆಳಕೇ ಕಾಣಲಿಲ್ಲ, 11 ಗೆದ್ದವರ ವೇಷ ತೊಟ್ಟು ಬಂದವು, ಇದ್ದದ್ದನ್ನು ಇದ್ದಂತೆ ಹೇಳಿದ್ದು ಬರೀ ಮೂರು. ಪತ್ರಿಕೆ ಓದಿ ಮದ್ದು ಬರೆಯುವ ವೈದ್ಯರ ಕಣ್ಣಿಗೆ ನೂರಕ್ಕೆ 94 ಗೆಲುವು, ನಿಜದಲ್ಲಿ ಅರ್ಧಕ್ಕರ್ಧ.

ಕಪಾಟಿನಲ್ಲಿ ಕೊಳೆಯುವುದು ಬರೀ ಕಾಗದವಲ್ಲ. ಹೃದಯಾಘಾತವಾದವರಿಗೆ ಎದೆಬಡಿತದ ತಾಳ ಸರಿಪಡಿಸುವ ಲಾರ್ಕೈನೈಡ್ ಕೊಟ್ಟು 1980ರಲ್ಲಿ ಒಂದು ಸಣ್ಣ ಪ್ರಯೋಗ ನಡೆಯಿತು. ಮದ್ದು ತಿಂದವರಲ್ಲಿ 9 ಜನ ಸತ್ತರು, ಸಪ್ಪೆ ಮಾತ್ರೆ ತಿಂದವರಲ್ಲಿ ಒಬ್ಬರು. ವ್ಯಾಪಾರದ ಕಾರಣಕ್ಕೆ ಮದ್ದನ್ನು ಕೈಬಿಟ್ಟರು. ಫಲಿತಾಂಶ ಅಚ್ಚಾದದ್ದು 1993ರಲ್ಲಿ. ಅಷ್ಟರಲ್ಲಿ ಅದೇ ಬಗೆಯ ಬೇರೆ ಮದ್ದುಗಳು ಎಷ್ಟೋ ಜನರ ಜೀವ ತೆಗೆದಿದ್ದವು. ಇದರ ಬಗ್ಗೆ ತಮಾಷೆ ಮಾಡುವ ಶಕ್ತಿ ಈ ಬಿನ್ನವತ್ತಳೆಗಿಲ್ಲ.

ನಮ್ಮಲ್ಲಿ 2009ರಿಂದ ಔಷಧ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ಸರ್ಕಾರಿ ಪಟ್ಟಿಯಲ್ಲಿ ನೋಂದಾಯಿಸುವುದು ಕಡ್ಡಾಯ. ಹೆಸರು ಬರೆಸಿದರೆ ಮುಗಿಯಿತೇ? ಗೆದ್ದದ್ದನ್ನೂ ಸೋತದ್ದನ್ನೂ ಅಲ್ಲೇ ತೋರಿಸಬೇಕು. ಸರ್ಕಾರದ ದುಡ್ಡು ಉಣುಗು ಕಚ್ಚಿದವರ ಕಡೆಗೂ ಹರಿಯಬೇಕು. ವೈದ್ಯರಲ್ಲೂ ಒಂದು ಬಿನ್ನಹ: ಕಂಪನಿಯ ರೆಪ್ ಮುಂದಿನ ಸಲ ಮಿರುಗುವ ಕಾಗದ ಹಿಡಿದು ಬಂದಾಗ, ಮಾಡಿದ್ದು ಎಷ್ಟು ಪ್ರಯೋಗ, ಅಚ್ಚಾದದ್ದು ಎಷ್ಟು ಎಂದು ಕೇಳಿ. ಉತ್ತರ ಬರುವವರೆಗೆ ಪೆನ್ನು ಜೇಬಿನಲ್ಲೇ ಇರಲಿ.

ಇಂತಿ,
ತಮ್ಮ ಮಾತ್ರೆಯ ಕಾಯಂ ಗಿರಾಕಿ