ಗುಡ್‌ಇಯರ್ ಮನೆತನದವನು

ಅಮೆರಿಕದಲ್ಲಿ ಗುಡ್‌ಇಯರ್ ಎಂಬ ಮನೆತನದ ಹೆಸರಿಟ್ಟುಕೊಂಡವನ ಕಾರು ಪಂಕ್ಚರ್ ಆಗಬಾರದು. ಆಯಿತೆನ್ನಿ, ಬಿಲ್ಲು ಬರೆಯುವ ಹುಡುಗ ಹೆಸರು ಕೇಳಿ ತಲೆಯೆತ್ತುತ್ತಾನೆ. "ಆ ಟೈರಿನ ಗುಡ್‌ಇಯರಾ?" "ಅದೇ ಗುಡ್‌ಇಯರ್, ಆದರೆ ಹಾಗಲ್ಲ ನೋಡಿ..." ಎಂದು ನಮ್ಮವನು ಶುರುಮಾಡಿದನೆಂದರೆ ಹಿಂದೆ ನಿಂತವರು ಬೇರೆ ಅಂಗಡಿ ನೋಡಿಕೊಳ್ಳುವುದು ಕ್ಷೇಮ.

ಚಾರ್ಲ್ಸ್ ಗುಡ್‌ಇಯರನ ಬಿಸಿ ಒಲೆಯ ಕಥೆಯೇ ಅರ್ಧ ಗಂಟೆ. ಬೇಸಿಗೆಯಲ್ಲಿ ಅಂಟಾಗಿ, ಚಳಿಯಲ್ಲಿ ಕಲ್ಲಾಗುತ್ತಿದ್ದ ರಬ್ಬರಿಗೆ ಗಂಧಕ ಬೆರೆಸಿ, ಅದು 1839ರಲ್ಲಿ ಮ್ಯಾಸಚೂಸೆಟ್ಸ್‌ನ ವೂಬರ್ನ್‌ನಲ್ಲಿ ಬಿಸಿ ಒಲೆಗೆ ತಾಗಿ, ಕರಗದೆ ಚರ್ಮದಂತೆ ಗಟ್ಟಿಯಾದದ್ದನ್ನು ಅಭಿನಯಸಹಿತ ತೋರಿಸುತ್ತಾನೆ. "ಆಕಸ್ಮಿಕ" ಎಂದಿರೋ, ಮೊದಲಿನಿಂದ ಮತ್ತೆ ಕೇಳಬೇಕು. ಅಂದಹಾಗೆ ಚಾರ್ಲ್ಸ್ ಗುಡ್‌ಇಯರ್ ಈತನಿಗೆ ಮುತ್ತಾತನಿಗಿಂತಲೂ ಹಿಂದಿನವನು. ಹೇಳುವ ಸಲೀಸಿಗೆ ಮುತ್ತಾತ ಅನ್ನುತ್ತಾನೆ.

ಟೈರಿನ ಕಂಪನಿಗೂ ಮನೆತನಕ್ಕೂ ಸಂಬಂಧ ಹೆಸರಿನದು ಮಾತ್ರ. ಆಕ್ರನ್‌ನಲ್ಲಿ ಫ್ರಾಂಕ್ ಸೈಬರ್ಲಿಂಗ್ ಅದನ್ನು ತೆರೆದದ್ದು 1898ರಲ್ಲಿ, ಮುತ್ತಾತ ತೀರಿಕೊಂಡು 38 ವರ್ಷವಾದ ಮೇಲೆ. ಗೌರವಕ್ಕೆಂದು ಹೆಸರಿಟ್ಟರು, ಗೌರವಕ್ಕೆ ಯಾರೂ ಬಾಡಿಗೆ ಕೊಡುವುದಿಲ್ಲ. ಕ್ರೀಡಾಂಗಣದ ಮೇಲೆ ಕಂಪನಿಯ ಗಾಳಿಹಡಗು ತೇಲಿದಾಗ ಸಾವಿರಾರು ಜನ ಈತನ ಮನೆತನದ ಹೆಸರನ್ನು ಆಕಾಶದಲ್ಲಿ ಓದುತ್ತಾರೆ. ಈತ ಕೆಳಗೆ, ಎಲ್ಲರಂತೆ ದುಡ್ಡು ಕೊಟ್ಟು ಟಿಕೆಟ್ ಕೊಂಡು, ಅಗ್ಗದ ಸಾಲಿನಲ್ಲಿ ಕೂತಿರುತ್ತಾನೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ.

ಇಷ್ಟಾದರೂ ಅವನನ್ನು ಕಂಡು ಅಯ್ಯೋ ಪಾಪ ಅನ್ನಬೇಡಿ, ಬೇಜಾರು ಮಾಡಿಕೊಳ್ಳುತ್ತಾನೆ. ಆಸ್ತಿಯಿಲ್ಲ ಎಂಬುದೇ ಅವನ ಆಸ್ತಿ. 1844ರಲ್ಲಿ ಮುತ್ತಾತನಿಗೆ ಪೇಟೆಂಟ್ ಸಿಕ್ಕಿತು. ಅಷ್ಟರಲ್ಲಿ ಇಂಗ್ಲೆಂಡಿಗೆ ಹೋಗಿದ್ದ ಮಾದರಿಗಳನ್ನು ಕಂಡಿದ್ದ ಥಾಮಸ್ ಹ್ಯಾನ್‌ಕಾಕ್ ಅಲ್ಲಿ ಮೊದಲೇ ಅರ್ಜಿ ಹಾಕಿದ್ದ. ಅಮೆರಿಕದಲ್ಲಿ ಪೇಟೆಂಟ್ ಕದ್ದವರ ಮೇಲೆ 1852ರಲ್ಲಿ ಟ್ರೆಂಟನ್‌ನಲ್ಲಿ ನಡೆದ ದಾವೆಯಲ್ಲಿ ಮುತ್ತಾತನೇ ಗೆದ್ದ. ವಕೀಲ ಡೇನಿಯಲ್ ವೆಬ್‌ಸ್ಟರನ ಫೀಸು 15,000 ಡಾಲರ್! ಈ ಅಂಕಿ ಹೇಳುವಾಗ ಅವನ ದನಿ ತಾನೇ ಬಿಲ್ಲು ಕಟ್ಟಿದವನಂತೆ ನಡುಗುತ್ತದೆ. ಆಮೇಲೆ 1855ರ ಪ್ಯಾರಿಸ್ ಪ್ರದರ್ಶನ. ರಬ್ಬರಿನ ಪೀಠೋಪಕರಣ, ರಬ್ಬರಿನ ಒಡವೆ, ಬೇಕಾದ್ದು ಬೇಡದ್ದೆಲ್ಲ ರಬ್ಬರಿನಲ್ಲೇ. ಕೊನೆಗೆ ಸಾಲಕ್ಕಾಗಿ ಸೆರೆಮನೆ. ಫ್ರಾನ್ಸಿನ ಲೀಜನ್ ಆಫ್ ಆನರ್ ಪದಕ ಕೈಗೆ ಬಂದದ್ದು ಸೆರೆಮನೆಯೊಳಗೆ. "ಇಂಥ ಮರ್ಯಾದೆ ಯಾರಿಗೆ ಸಿಕ್ಕಿದೆ ಹೇಳಿ?" ಎಂದು ಕೇಳುತ್ತಾನೆ. ನಾವೇನು ಹೇಳುವುದು?

1860ರಲ್ಲಿ ಸಾಯುವಾಗ ಮುತ್ತಾತನ ಮೇಲಿದ್ದ ಸಾಲ ಸುಮಾರು ಎರಡು ಲಕ್ಷ ಡಾಲರ್. ಒಂದೂ ಮುಕ್ಕಾಲು ಲಕ್ಷ ಎಂದು ಯಾರಾದರೂ ತಗ್ಗಿಸಿದರೆ ಜಗಳಕ್ಕೇ ಬರುತ್ತಾನೆ.

ಇವನ ನಿಜವಾದ ಗತ್ತು ಕಾಣಬೇಕಾದರೆ ಇಂಥದೇ ಇನ್ನೊಬ್ಬನ ಎದುರು ಕೂರಿಸಬೇಕು. ಸೇಫ್ಟಿ ಪಿನ್ ಕಂಡುಹಿಡಿದ ವಾಲ್ಟರ್ ಹಂಟ್‌ನ ವಂಶದವನೊಬ್ಬ ಊಟದ ಮೇಜಿಗೆ ಸಿಕ್ಕಿದನೆಂದುಕೊಳ್ಳಿ. ಅವನೂ ಕಣ್ಣೊರೆಸಿಕೊಂಡೇ ಹೇಳುತ್ತಾನೆ: 15 ಡಾಲರ್ ಸಾಲ ತೀರಿಸಲು ತಂತಿ ಬಗ್ಗಿಸಿದ ಹಿರಿಯ, 1849ರ ಪೇಟೆಂಟಿನ ಹಕ್ಕನ್ನೆಲ್ಲ 400 ಡಾಲರಿಗೆ ಮಾರಿಬಿಟ್ಟ, ಲೋಕದ ಕೂಸುಗಳ ಲಂಗೋಟಿಗಳಿಗೆಲ್ಲ ಪಿನ್ನು ಚುಚ್ಚಿದ ದುಡ್ಡು ಬೇರೆಯವರ ಪಾಲು. ನಮ್ಮವನು ತಾಳ್ಮೆಯಿಂದ ಕೇಳಿ, ಚಮಚ ಕೆಳಗಿಟ್ಟು, "ಸಾಲ ಬರೀ ಹದಿನೈದಾ?" ಅನ್ನುತ್ತಾನೆ. ಮುಂದೆ ಆ ಮೇಜಿನಲ್ಲಿ ಸೇಫ್ಟಿ ಪಿನ್ನಿನ ಮಾತು ಏಳುವುದಿಲ್ಲ.

ನಮ್ಮವನ ಹೆಂಡತಿಗೆ ಎರಡು ಲಕ್ಷದ ಚಿಂತೆಯಿಲ್ಲ, ಅದು ಹಳೆಯ ಸಾಲ. ಅವಳ ಭಯ ರಕ್ತದ್ದು. ಮುತ್ತಾತ ಪ್ರಯೋಗಕ್ಕೆ ಬಳಸುತ್ತಿದ್ದದ್ದು ಮನೆಯ ಒಲೆ, ಹೆಂಡತಿಯ ಪಾತ್ರೆಗಳನ್ನು. ದುಡ್ಡಿಗಾಗಿ ಮಕ್ಕಳ ಶಾಲೆಯ ಪುಸ್ತಕಗಳನ್ನೂ ಮಾರಿದ್ದನೆಂಬ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ರಜಾದಿನ ಗಂಡ ಅಡುಗೆಮನೆಯಲ್ಲಿ ಸೌಟು ಆಡಿಸುವ ಸದ್ದು ಕೇಳಿದರೆ ಅವಳು ದೂರದಿಂದಲೇ ಮೂಗರಳಿಸಿ ನೋಡುತ್ತಾಳೆ. ಸೂಪಿನ ವಾಸನೆ ಬಂದರೆ ಸರಿ. ಬೇರೆ ಏನಾದರೂ ಬಂದರೆ ಮೊದಲು ಬ್ಯಾಂಕಿನ ಪಾಸ್‌ಬುಕ್ ಎತ್ತಿಡುತ್ತಾಳೆ, ಆಮೇಲೆ ಕಿಟಕಿ ತೆರೆಯುತ್ತಾಳೆ.