ಪಾಲಿಗೆ ಬಂದ ಕಾಸು

ನಾಣ್ಯಶಾಸ್ತ್ರ ಓದಿದವರು ನಮ್ಮ ವಿರೂಪಾಕ್ಷಿಪುರದಲ್ಲಿ ಯಾರೂ ಇಲ್ಲ. ಆದರೆ ಹಳೇ ಕಾಸೊಂದು ಹೊರಬಿದ್ದರೆ ಗೊತ್ತಿಲ್ಲ ಎನ್ನುವವರೂ ಯಾರೂ ಇಲ್ಲ. ತಾತನ ಮರದ ಪೆಟ್ಟಿಗೆಯ ತಳದಲ್ಲಿ ಸಿಕ್ಕ ಕಾಸಿನ ಒಂದು ಮಗ್ಗುಲಲ್ಲಿ ರಾಮ, ಸೀತೆ, ಲಕ್ಷ್ಮಣ, ಅವರ ಕಾಲ ಬಳಿ ಹನುಮಂತ. ಇನ್ನೊಂದು ಮಗ್ಗುಲಲ್ಲಿ ಇಂಗ್ಲಿಷಿನಲ್ಲಿ ಈಸ್ಟ್ ಇಂಡಿಯಾ ಕಂಪನಿ, ಒಂದಾಣೆ, 1818.

“ಇದು ಕೆಂಪೇಗೌಡ್ರು ಹೊಡೆಸಿದ್ದು” ಎಂದರು ದೊಡ್ಡಪ್ಪ. ಅವರ ಮಾತಿಗೆ ಮಾಗಡಿ ಸೀಮೆಯ ಆಧಾರವಿತ್ತು. ಬೆಂಗಳೂರು ಕಟ್ಟಿದ ಕೆಂಪೇಗೌಡರು ಅಪ್ಪಣೆಯಿಲ್ಲದೆ ಬೈರೇದೇವರ ವರಹ ಟಂಕಿಸಿದ್ದಕ್ಕೆ ವಿಜಯನಗರದ ಅರಸರು ಅವರನ್ನು ಆನೆಗೊಂದಿಯಲ್ಲಿ 5 ವರ್ಷ ಸೆರೆಯಲ್ಲಿಟ್ಟಿದ್ದರೆಂಬ ಪ್ರತೀತಿ ಉಂಟು.

“ಗೌಡ್ರು ಇಂಗ್ಲಿಷ್ ಯಾವಾಗ ಕಲಿತ್ರು ದೊಡ್ಡಪ್ಪ?”

“ಮತ್ತೆ, ಐದು ವರ್ಷ ಜೈಲಲ್ಲಿ ಸುಮ್ನೆ ಕೂತಿದ್ರಾ?”

ಚಿಕ್ಕಪ್ಪನ ಬಾಮೈದನದು ವೈಜ್ಞಾನಿಕ ದೃಷ್ಟಿ. ಇದು ಅಕ್ಕಿ ಎಳೆಯುವ ‘ರೈಸ್ ಪುಲ್ಲಿಂಗ್’ ಕಾಸು, ಕೋಟಿ ಬಾಳುತ್ತದೆ ಎಂದು ತಟ್ಟೆಗೆ ಅಕ್ಕಿ ಸುರಿದು ನಡುವೆ ಕಾಸಿಟ್ಟ. ಒಂದು ಕಾಳೂ ಮಿಸುಕಲಿಲ್ಲ. “ರಾಗಿ ಸೀಮೆ ಕಾಸು, ಅದಕ್ಕೆ ಅಕ್ಕಿ ಪರಿಚಯ ಇಲ್ಲ. ರಾಗಿ ಹಾಕಿ ನೋಡಾನ” ಎಂದ.

ಅಷ್ಟರಲ್ಲಿ ತಮ್ಮನ ಮೊಬೈಲಿಗೆ 10 ಲಕ್ಷದ ಗಿರಾಕಿ ಸಿಕ್ಕಿದ್ದ. ಅವನಿಗೆ ಮೊದಲು ನಾವೇ ನೋಂದಣಿ ಶುಲ್ಕ ಕಳಿಸಬೇಕಂತೆ. ಹಳೇ ನಾಣ್ಯದ ವ್ಯಾಪಾರದಲ್ಲಿ ತನ್ನ ಹೆಸರು ಹೇಳಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿತ್ತು. ಶುಲ್ಕ ಉಳಿಯಿತು, ಆದರೆ 10 ಲಕ್ಷ ಎಂಬ ಮಾತು ಉಳಿದುಬಿಟ್ಟಿತು. ತಾತನ ಔಷಧಿ ಖರ್ಚಿನ ಕಾಲಕ್ಕೆ ಊರಲ್ಲಿರದ ನೆಂಟರೂ ಪಾಲು ಕೇಳಲು ಬಂದರು.

ಈ ನಡುವೆ ಅತ್ತೆ ಕಾಸಿಗೆ ಹುಣಸೇಹಣ್ಣು ಹಾಕಿ ತಿಕ್ಕಿದರು. ನಾಣ್ಯ ಸಂಗ್ರಹಿಸುವವರು ಕೇಳಿದರೆ ಎದೆ ಒಡೆದುಕೊಳ್ಳುತ್ತಾರೆ: ಹಳೇ ಲೋಹದ ಮೇಲೆ ಕಾಲ ಕೂರಿಸಿದ ಬಣ್ಣ ಹೋದರೆ ಬೆಲೆಯೂ ಹೋಯಿತು. ನಮಗೆ ಮಾತ್ರ ಉಪಕಾರವೇ ಆಯಿತು. ಅಂಚಿನ ಸುತ್ತ ಎರಕದ ಗೆರೆ ಎದ್ದು ಕಂಡಿತು. ಅಚ್ಚಿನ ಮೇಲೆ ಸುತ್ತಿಗೆಯ ಪೆಟ್ಟು ತಿಂದ ಕಾಸಿಗೆ ಅಂಥ ಗೆರೆ ಇರುವುದಿಲ್ಲ.

ದೇವರಿದ್ದಾನೆ ಎಂಬ ಕಾರಣಕ್ಕೇ ಅದನ್ನು ತಳ್ಳಿಹಾಕುವಂತಿರಲಿಲ್ಲ. ಮದರಾಸಿನಲ್ಲಿ ಕಂಪನಿಯೇ ಮೂರು ಸ್ವಾಮಿಗಳ ವರಹ ಹೊಡೆಸಿತ್ತು. ಹೈದರಾಲಿ ತನ್ನ ವರಹದ ಮೇಲೆ ಶಿವಪಾರ್ವತಿಯರನ್ನು ಉಳಿಸಿಕೊಂಡಿದ್ದ. ಕಾಸು ಸಿಕ್ಕಿಬಿದ್ದದ್ದು ತಾನೇ ಹೇಳಿಕೊಂಡ ಇಸವಿಯಲ್ಲಿ. ರಾಮನಿರುವ ಒಂದಾಣೆಯನ್ನು ಕಂಪನಿ 1818ರಲ್ಲಿ ಹೊಡೆಸಲೇ ಇಲ್ಲ. ಅದರ ಎಲ್ಲ ಪ್ರಾಂತಗಳಿಗೂ ಒಂದೇ ಬಗೆಯ ನಾಣ್ಯ ಬಂದದ್ದೇ 1835ರಲ್ಲಿ. 1818ರ ಹೊತ್ತಿಗೆ ಮೈಸೂರು ಸೀಮೆಯ ತಾಮ್ರದ ಕಾಸಿನ ಮೇಲೆ ಇದ್ದದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಆನೆ.

ಅಸಲಿ ಕಾಸು ಮಿತಭಾಷಿ. ಟಿಪ್ಪುವಿನ ತಾಮ್ರದ ಕಾಸನ್ನೇ ನೋಡಿ: ಒಂದು ಆನೆ, ಟಂಕಸಾಲೆಯ ಹೆಸರು, ಅದೂ ಅರ್ಧ ಅಂಚಿನಾಚೆ. 1787ರಿಂದೀಚೆಯದಾದರೆ ಇಸವಿಯ ಅಂಕಿಯನ್ನೂ ಬಲದಿಂದ ಎಡಕ್ಕೆ ಓದಬೇಕು. ಬೇಕಾದವರು ಕಷ್ಟಪಟ್ಟು ತಿಳಿದುಕೊಳ್ಳಲಿ ಎಂಬ ಗತ್ತು ಅದಕ್ಕೆ. ನಕಲಿಯದು ಮದುವೆ ದಲ್ಲಾಳಿಯ ಬಾಯಿ. ಕೇಳದಿದ್ದರೂ ದೇವರು, ಕಂಪನಿ, ಬೆಲೆ, ಇಸವಿ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತದೆ.

ಇದನ್ನೆಲ್ಲ ವಿವರಿಸಿ, ಇದು ಭಕ್ತರಿಗೆಂದು ಮಾಡಿದ ರಾಮಟಂಕದ ಜಾತಿಯದು, ಸಂತೆಯಲ್ಲಿ ಸೊಪ್ಪಿನ ಕಟ್ಟೂ ಬರಲಾರದು ಎಂದೆ. ಪಾಲು ಕೇಳಲು ಬಂದವರಿಗೆಲ್ಲ ಬಸ್ಸಿನ ಹೊತ್ತು ನೆನಪಾಯಿತು. ಅತ್ತೆ ಮಾತ್ರ ಸಿಡುಕಿದರು: “ಕಂಪ್ನಿ ಸುಳ್ಳಾದ್ರೆ ರಾಮದೇವ್ರೂ ಸುಳ್ಳಾಯ್ತಾನೇನೋ?” ಕಾಸಿಗೆ ಕುಂಕುಮವಿಟ್ಟು ದೇವರ ಗೂಡಿನಲ್ಲಿ ಇರಿಸಿದರು.

ಹೊಸಿಲು ದಾಟಿದ್ದ ಚಿಕ್ಕಪ್ಪ ಚಪ್ಪಲಿ ಬಿಟ್ಟು ಒಳಕ್ಕೆ ಬಂದರು. “ಕಾಸಾದ್ರೆ ನಿಂಗೇ ಇರ್ಲಿ ಅಂತಿದ್ದೆ. ದೇವ್ರು ಅಂದ್ಮೇಲೆ ನಂಗೂ ಪಾಲೈತೆ. ಶ್ರಾವಣ ನಿಮ್ಮನೇಲಿ, ರಾಮನವಮಿ ನಮ್ಮನೇಲಿ. ಪಾನಕದ ಬೆಲ್ಲ ಮಾತ್ರ ನೀನೇ ತರ್ಬೇಕು.”